ಕಟಕಟೆಯಿಂದ ಪರದೆಯ ಈಚೆಗೆ: ನೊಂದ ಮಗುವಿನ ಸಾಕ್ಷ್ಯದ ದಾರಿ

"ನೀನು ಆ ದಿನ ಅಂಗಡಿಗೆ ಹೋಗಿರಲಿಲ್ಲ, ಅಲ್ವಾ?"

ಪಾಟಿ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಹೀಗೆ ಕೇಳಿದರೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಎಂಟು ವರ್ಷದ ಮಗು "ಹೂಂ" ಎನ್ನುತ್ತದೆ. ಹೋಗಿದ್ದೆ ಎಂದೋ, ಹೋಗಿರಲಿಲ್ಲ ಎಂದೋ? ಕಡತಕ್ಕೆ ಮಾತ್ರ "ಹೋಗಿರಲಿಲ್ಲ ಎಂದರೆ ಸರಿ" ಎಂದು ಏರುತ್ತದೆ. ಆಘಾತಕ್ಕೊಳಗಾದವರಿಗೆ ಬಾಗಿಲು ಹಾಕಿದ ಸದ್ದು ನಿಚ್ಚಳವಾಗಿ ನೆನಪಿದ್ದು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕಲಸಿಹೋಗಿರಬಹುದು. ಕೋರ್ಟು ಕೇಳುವುದು ಆ ಕ್ರಮವನ್ನೇ.

ಈ ತೊಡಕು ಕಾನೂನಿಗೆ ಅರ್ಥವಾಗಲು ದಶಕಗಳು ಹಿಡಿದವು. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಠಾಣೆಯಲ್ಲೇ ಅತ್ಯಾಚಾರ ನಡೆದ ಆರೋಪದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು; ಮುಂದೆ ಇದರ ವಿರುದ್ಧ ದೇಶದೆಲ್ಲೆಡೆ ಮಹಿಳೆಯರು ಬೀದಿಗಿಳಿದರು. 1983ರ ತಿದ್ದುಪಡಿಯಲ್ಲಿ ಅತ್ಯಾಚಾರದ ವಿಚಾರಣೆಗೆ ಮುಚ್ಚಿದ ಕೋಣೆ ಬಂತು. ಕೆಳ ನ್ಯಾಯಾಲಯಗಳು ಅದನ್ನು ಅಷ್ಟಾಗಿ ಪಾಲಿಸುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ 1996ರ ಗುರ್ಮಿತ್ ಸಿಂಗ್ ತೀರ್ಪು ಅದನ್ನು ನೆನಪಿಸಿತು, ಪಾಟಿ ಸವಾಲಿನಲ್ಲಿ ಸಂತ್ರಸ್ತೆಯನ್ನು ಗೋಳು ಹೊಯ್ದುಕೊಳ್ಳುವಾಗ ನ್ಯಾಯಾಧೀಶರು ಸುಮ್ಮನೆ ಕೂರಬಾರದು ಎಂದೂ ಹೇಳಿತು. ನಿಜವಾದ ತಿರುವು, ‘ಸಾಕ್ಷಿ’ ಎಂಬ ಸ್ವಯಂಸೇವಾ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2004ರಲ್ಲಿ ಕೊಟ್ಟ ತೀರ್ಪು. ಆರೋಪಿ ಕಾಣದಂತೆ ಪರದೆ, ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಟ್ಟು ಅವರಿಂದ ಕೇಳಿಸುವುದು, ಸಾಕಷ್ಟು ವಿರಾಮ. ಮೂರೇ ಸೂಚನೆ, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇವನ್ನು ಕಲಂಗಳಾಗಿಸಿತು. ಪೊಲೀಸರು ಸಮವಸ್ತ್ರವಿಲ್ಲದೆ ಮಗುವಿನ ಮನೆಯಲ್ಲೋ ಅದು ಬಯಸಿದಲ್ಲೋ ಹೇಳಿಕೆ ಪಡೆಯಬೇಕು. ಆದಷ್ಟೂ ಸಬ್‌ ಇನ್‌ಸ್ಪೆಕ್ಟರ್‌ಗಿಂತ ಕೆಳಗಿಲ್ಲದ ಮಹಿಳಾ ಅಧಿಕಾರಿ. ಮಗು ಹೇಳಿದ ಮಾತು ಹೇಳಿದಂತೆಯೇ ದಾಖಲಾಗಬೇಕು. ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಹೋಗಬೇಕು. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಮುಗಿಯಬೇಕು. ಅದೇ ವರ್ಷ ದೆಹಲಿಯ ಕಡ್‌ಕಡ್‌ಡೂಮಾ ಕೋರ್ಟಿನಲ್ಲಿ ಇಂಥ ಸಾಕ್ಷಿಗಳಿಗೆಂದೇ ಪ್ರತ್ಯೇಕ ಕೇಂದ್ರ ತೆರೆಯಿತು. 2017ರಲ್ಲಿ ಸುಪ್ರೀಂ ಕೋರ್ಟು ಪ್ರತಿ ಹೈಕೋರ್ಟ್ ವ್ಯಾಪ್ತಿಗೆ ಕನಿಷ್ಠ ಎರಡು ಕೇಂದ್ರ ಎಂದಿತು, 2022ರಲ್ಲಿ ಪ್ರತಿ ಜಿಲ್ಲೆಗೂ ಒಂದು ಎಂದಿತು.

ಎಡವುವುದು ಪಡಸಾಲೆಯಲ್ಲಿ. ಒಳಗೆ ಪರದೆ ಕಟ್ಟಿ ಹೊರಗೆ ಒಂದೇ ಬಾಗಿಲಿಟ್ಟರೆ ಮಗುವೂ ಆರೋಪಿಯೂ ಅದೇ ಬೆಂಚಿನ ಎರಡು ತುದಿಯಲ್ಲಿ ಕಾಯಬೇಕಾಗುತ್ತದೆ. ಕರ್ನಾಟಕವೂ ಸೇರಿ ಐದು ರಾಜ್ಯಗಳ ವಿಶೇಷ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಂಡ ಈ ಮುಖಾಮುಖಿಯನ್ನೇ ಎತ್ತಿ ತೋರಿಸಿತು. ಪ್ರತ್ಯೇಕ ಪ್ರವೇಶ, ಕಾಯುವ ಕೋಣೆ, ಶೌಚಾಲಯ, ಸಾಕ್ಷ್ಯದ ಕೋಣೆ: ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರರ ಖರ್ಚು ದಂಡ. ಇನ್ನೊಂದು ಎಡವಟ್ಟು ವಾಯಿದೆಯದು. ಮುಖ್ಯ ವಿಚಾರಣೆ ಈವತ್ತು, ಪಾಟಿ ಸವಾಲು ಎರಡು ತಿಂಗಳ ಮೇಲೆ ಎಂದಾದರೆ, ಮರೆಯಲು ಹೆಣಗುತ್ತಿರುವ ಮಗು ಅದೇ ಕಥೆಯನ್ನು ಮತ್ತೆ ಉರು ಹೊಡೆಯಬೇಕು. ಈ ನಡುವೆಯೇ ರಾಜಿ ಮಾಡಿಕೊಳ್ಳಿ ಎನ್ನುವ ನೆಂಟರೂ ಬರುತ್ತಾರೆ.

ಇದಕ್ಕೆ ಕಾನೂನಿನಲ್ಲಿರುವ ಮದ್ದು, ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿಗೆ ಜೊತೆಯಾಗುವ ಬೆಂಬಲ ವ್ಯಕ್ತಿ. ದೂರು ಬಂದ ಮೇಲೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಸಮಿತಿ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಖಾಲಿ ಕೋರ್ಟ್ ಹಾಲನ್ನು ಮೊದಲೇ ತೋರಿಸುವುದು, "ಗೊತ್ತಿಲ್ಲ ಅನ್ನಬಹುದು, ನೀರು ಕೇಳಬಹುದು" ಎಂದು ತಿಳಿಸುವುದು, ಆರೋಪಿಗೆ ಜಾಮೀನು ಸಿಕ್ಕಿದ್ದನ್ನು ಮನೆಯವರಿಗೆ ಬೇಗ ಮುಟ್ಟಿಸುವುದು ಇವರಿಂದ ಆಗುವ ಕೆಲಸ. ಉತ್ತರ ಹೇಳಿಕೊಡುವುದು ಮಾತ್ರ ಸಲ್ಲ. ಹಾಗೆ ಮಾಡಿದರೆ ಮಗುವಿನ ಸಾಕ್ಷ್ಯವೇ ಬಿದ್ದುಹೋಗಬಹುದು. ಮಧ್ಯಂತರ ಪರಿಹಾರಕ್ಕೂ ತೀರ್ಪಿನವರೆಗೆ ಕಾಯಬೇಕಿಲ್ಲ. ಎಫ್‌ಐಆರ್ ಆದ ಮೇಲೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿಯಿಲ್ಲದೆಯೂ ವಿಶೇಷ ನ್ಯಾಯಾಲಯ ಆದೇಶಿಸಬಹುದು.