ಮನಸ್ಸಿನ ಗಾಯ ಮತ್ತು ಆರು ತಿಂಗಳ ಗಡುವು

ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿ ವಾಹನ ಓಡಿಸುವವರೆಲ್ಲರಿಗೂ ಗೊತ್ತಿರುವ ಒಂದು ಅಪಾಯವಿದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಅವುಗಳ ಅಗಲವನ್ನೂ ಮೀರಿ ಹೊರಚಾಚಿದ ಕಬ್ಬು. ಹಿಂಬದಿಯಲ್ಲಿ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಪಟ್ಟಿಯಾಗಲಿ ಇಲ್ಲ. ಮುಧೋಳದಿಂದ ಜಮಖಂಡಿಗೆ ಬಾಡಿಗೆ ಹೊಡೆಯುವ ಒಬ್ಬ ಕ್ರೂಸರ್ ಚಾಲಕ ಕತ್ತಲಲ್ಲಿ ಕೆಟ್ಟು ನಿಂತಿದ್ದ ಇಂಥದೊಂದು ಟ್ರೇಲರಿಗೆ ಗುದ್ದಿದನೆಂದು ಇಟ್ಟುಕೊಳ್ಳೋಣ. ಅವನ ಕಾಲರ್ ಎಲುಬು ಮುರಿಯುತ್ತದೆ, ಪ್ಲೇಟ್ ಹಾಕುತ್ತಾರೆ, ಕೆಲವು ತಿಂಗಳಲ್ಲಿ ಎಲುಬು ಕೂಡಿಕೊಳ್ಳುತ್ತದೆ. ಆದರೆ ಅವನು ಮತ್ತೆ ಸ್ಟೇರಿಂಗ್ ಹಿಡಿಯುವುದಿಲ್ಲ. ಬಸ್ಸಿನಲ್ಲಿ ಪ್ರಯಾಣಿಕನಾಗಿ ಕುಳಿತಾಗಲೂ ಎದುರಿಗೆ ಕಬ್ಬಿನ ಗಾಡಿ ಕಂಡರೆ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ, ಅಂಗೈ ಬೆವರುತ್ತದೆ. ಹಸಿ ಕಬ್ಬಿನ ವಾಸನೆ ಬಡಿದರೆ ಸಾಕು, ರಾತ್ರಿಯ ನಿದ್ದೆ ಹೋಯಿತೆಂದೇ ಲೆಕ್ಕ. ಮನೆಯವರು ‘ಅಂಜಿಕಿ ಹೊಕ್ಕೈತಿ’ ಎಂದು ದೃಷ್ಟಿ ತೆಗೆಯುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಆಸ್ಪತ್ರೆಯ ಫೈಲಿನಲ್ಲಿ ಮಾತ್ರ ಕಾಲರ್ ಎಲುಬಿನ ಹೊರತು ಬೇರೇನೂ ಇರುವುದಿಲ್ಲ.

ಈ ಅಂಜಿಕೆಗೆ ಮಿದುಳಿನಲ್ಲಿ ನೆಲೆಯುಂಟು. ಜೀವಕ್ಕೆ ಕುತ್ತು ಬಂದ ಕ್ಷಣದಲ್ಲಿ ಅಡ್ರಿನಲಿನ್, ನಾರಡ್ರಿನಲಿನ್ ಎಂಬ ಒತ್ತಡದ ರಾಸಾಯನಿಕಗಳು ಮೈಯಲ್ಲಿ ಉಕ್ಕುತ್ತವೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಆಗ ಕಂಡದ್ದನ್ನೂ ಕೇಳಿದ್ದನ್ನೂ ಮೂಸಿದ್ದನ್ನೂ ಅಪಾಯದ ಸೂಚನೆಗಳೆಂದು ಬಲವಾಗಿ ದಾಖಲಿಸಿಕೊಳ್ಳುತ್ತದೆ. ಇದು ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಈಗ ಮುಗಿದುಹೋಗಿದೆಯೇ ಎಂಬ ವಿವರಗಳನ್ನು ನೆನಪಿಗೆ ಜೋಡಿಸುವುದು ಮಿದುಳಿನ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್‌ನ ಕೆಲಸ. ತೀವ್ರ ಒತ್ತಡದಲ್ಲಿ ಈ ಜೋಡಣೆ ಸಡಿಲಾಗುತ್ತದೆಂದು ಸಂಶೋಧಕರು ವಿವರಿಸುತ್ತಾರೆ. ಹೀಗಾಗಿ ಉಳಿಯುವುದು ದಿನಾಂಕವಿಲ್ಲದ ಭಯ: ನೆನಪಾದಾಗ ಅದು ಹಿಂದೆಂದೋ ಆದದ್ದಾಗಿ ತೋರದೆ ಈಗಲೇ ಆಗುತ್ತಿರುವಂತೆ ತೋರುತ್ತದೆ. ಸಾಮಾನ್ಯವಾಗಿ ಅದೇ ರಸ್ತೆಯಲ್ಲಿ ನಾಲ್ಕಾರು ಬಾರಿ ಸುರಕ್ಷಿತವಾಗಿ ಓಡಾಡಿದಾಗ ಹಣೆಯ ಹಿಂಭಾಗದ ಮಿದುಳು ಅಮಿಗ್ಡಲಾವನ್ನು ಹತೋಟಿಗೆ ತರಲು ಕಲಿಯುತ್ತದೆ. ಆದರೆ ಅಂಜಿದವನು ಆ ರಸ್ತೆಗೇ ಹೋಗುವುದಿಲ್ಲ. ತಪ್ಪಿಸಿಕೊಂಡ ಪ್ರತಿ ಸಲವೂ ಅವನಿಗೆ ಕ್ಷಣದ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ.

ಅಪಘಾತಕ್ಕೆ ಸಿಕ್ಕವರಲ್ಲಿ ಬಹುಪಾಲು ಜನ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು. ಆದ್ದರಿಂದಲೇ ವೈದ್ಯರು ಅವಸರ ಮಾಡುವುದಿಲ್ಲ. ಮೂರು ದಿನದಿಂದ ಒಂದು ತಿಂಗಳವರೆಗಿನ ಲಕ್ಷಣಗಳನ್ನು ತೀವ್ರ ಒತ್ತಡದ ಕಾಯಿಲೆ ಎನ್ನುತ್ತಾರೆ. ತಿಂಗಳು ಮೀರಿ ಉಳಿದರೆ ಮಾತ್ರ ಅದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ. ಕೆಲವರಲ್ಲಿ ಎಲ್ಲ ಲಕ್ಷಣಗಳೂ ಪೂರ್ತಿಯಾಗಿ ಕೂಡಿಬರಲು ಆರು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ, ಇದನ್ನು ತಡವಾಗಿ ಪ್ರಕಟವಾಗುವ ಪಿಟಿಎಸ್‌ಡಿ ಎಂದು ಪ್ರತ್ಯೇಕವಾಗಿಯೇ ಗುರುತಿಸಲಾಗಿದೆ. ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರಬಹುದು: ಗಾಯ ಎಷ್ಟು ದೊಡ್ಡದು ಎಂಬುದರಿಂದ ಕಾಯಿಲೆ ಬರುತ್ತದೆಯೇ ಎಂದು ಹೇಳುವುದು ಕಷ್ಟ. ‘ಸತ್ತೇ ಹೋದೆ’ ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತೇ ಎಂಬುದು ಹೊಲಿಗೆಗಳ ಲೆಕ್ಕಕ್ಕಿಂತ ಹೆಚ್ಚು ತಿಳಿಸುತ್ತದೆ.

ಕಾಣದ ಗಾಯಕ್ಕೆ ದುಡ್ಡು ಕೇಳುವ ತಕರಾರು ಮೋಟಾರು ವಾಹನಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳ ನಂತರ ಹೊರಗೆ ಗಾಯವಿಲ್ಲದೆಯೂ ಕೆಲಸಕ್ಕೆ ಬಾರದಂತಾದ ಪ್ರಯಾಣಿಕರನ್ನು ಕಂಡ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್, ಬೆನ್ನುಹುರಿಗೆ ಪೆಟ್ಟು ಬಿದ್ದುದೇ ಇದಕ್ಕೆ ಕಾರಣವೆಂದು 1866ರಲ್ಲಿ ವಾದಿಸಿದರು. ರೈಲ್ವೆ ಕಂಪನಿಯೊಂದರ ವೈದ್ಯರಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ ಅದನ್ನು ತಳ್ಳಿಹಾಕಿ, ಭಯವೊಂದೇ ಇಷ್ಟನ್ನು ಮಾಡಬಲ್ಲದು ಎಂದರು. ಕಂಪನಿಯ ಪರವಾಗಿ ಮಾತಾಡಿದವರೇ ಇಂದಿನ ತಿಳಿವಳಿಕೆಗೆ ಹೆಚ್ಚು ಹತ್ತಿರವಿದ್ದರು ಎನ್ನುವುದು ಈ ಕಥೆಯ ತಮಾಷೆ. 1961ರಲ್ಲಿ ಹೆನ್ರಿ ಮಿಲ್ಲರ್ ಎಂಬ ಬ್ರಿಟಿಷ್ ನರವೈದ್ಯರು, ಪರಿಹಾರ ಕೈಗೆ ಬಂದ ಕೂಡಲೇ ಇಂಥವರು ಗುಣವಾಗುತ್ತಾರೆಂಬ ಅರ್ಥದಲ್ಲಿ ಬರೆದರು. ಮುಂದೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಆ ಮಾತನ್ನು ಎತ್ತಿಹಿಡಿಯಲಿಲ್ಲ. ಆದರೂ ಆ ಅನುಮಾನ ಇಂದಿಗೂ ಪಾಟೀಸವಾಲಿನಲ್ಲಿ ಇಣುಕುತ್ತದೆ. ಪಿಟಿಎಸ್‌ಡಿಗೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ.

ನಮ್ಮ ಕಾನೂನು ಮನಸ್ಸನ್ನು ಪೂರ್ತಿ ಮರೆತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಗಾಯಾಳು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾನೆ. ಅಪಘಾತ ಸೋಲಾಪುರದ ಹತ್ತಿರ ಆಗಿದ್ದರೂ ವಿಜಯಪುರದ ನಿವಾಸಿ ತನ್ನೂರಿನಲ್ಲೇ ಅರ್ಜಿ ಸಲ್ಲಿಸಬಹುದು. ಮಾನಸಿಕ ಆಘಾತವೂ ಪರಿಹಾರಕ್ಕೆ ಅರ್ಹವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ನೋವು, ವೇದನೆ ಮತ್ತು ಆಘಾತವನ್ನು ಒಂದು ಪ್ರತ್ಯೇಕ ಬಾಬ್ತಾಗಿ ಪಟ್ಟಿ ಮಾಡಿತು. ಆದರೆ ರೂಢಿಯಲ್ಲಿ ಈ ಬಾಬ್ತಿನ ಮೊತ್ತವನ್ನು ಮುರಿದ ಎಲುಬುಗಳನ್ನೂ ಆಸ್ಪತ್ರೆಯಲ್ಲಿ ಮಲಗಿದ ದಿನಗಳನ್ನೂ ನೋಡಿ ಅಂದಾಜು ಮಾಡುವುದೇ ಹೆಚ್ಚು. ಪೊಲೀಸರಿಗೆ ಹೋಗುವ ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯ ಸಾದಾ ಅಥವಾ ತೀವ್ರ ಎಂದು ಬರೆಯುತ್ತಾರೆ. ಭಾರತೀಯ ನ್ಯಾಯ ಸಂಹಿತೆ ಹೆಸರಿಸುವ ಎಂಟು ಬಗೆಯ ತೀವ್ರ ಗಾಯಗಳಲ್ಲಿ ಕಣ್ಣು, ಕಿವಿ, ಕೀಲು, ಎಲುಬು, ಹಲ್ಲು ಎಲ್ಲ ಇವೆ, ಮನಸ್ಸು ಇಲ್ಲ.

ನಿಜವಾದ ತೊಡಕು ಇರುವುದು ಗಡುವುಗಳಲ್ಲಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಏಳು ದಿನಗಳ ಮಟ್ಟಿಗೆ ಕೊಡುತ್ತದೆ. ಪಿಟಿಎಸ್‌ಡಿ ಎಂದು ಹೇಳಲು ವೈದ್ಯರಿಗೆ ಒಂದು ತಿಂಗಳಾದರೂ ಬೇಕು. ಇನ್ನು ಪರಿಹಾರದ ಅರ್ಜಿ: 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು 2019ರ ತಿದ್ದುಪಡಿ ಮರಳಿ ತಂದಿದೆ, 2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಅದು ಇತ್ಯರ್ಥವಾಗುವವರೆಗೆ ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಬಾರದೆಂದು ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ತಡವಾದ ಪಿಟಿಎಸ್‌ಡಿ ತಲೆಯೆತ್ತುವುದು ಆರು ತಿಂಗಳ ಆಚೆಗೆ. ಕಾಯ್ದೆಯ ಬಾಗಿಲು ಮುಚ್ಚುವುದು ಆರು ತಿಂಗಳಿಗೆ. ಕೈಕಾಲಿಗೆ ಪೆಟ್ಟಾದವರು ಅದರ ಆಧಾರದ ಮೇಲೆ ಸಕಾಲದಲ್ಲಿ ಅರ್ಜಿ ಹಾಕಿ, ಮನಸ್ಸಿನ ದಾಖಲೆಗಳನ್ನು ವಿಚಾರಣೆಯ ಹೊತ್ತಿಗೆ ಸೇರಿಸಬಹುದು. ಮೈಮೇಲೆ ಗೀರೂ ಇಲ್ಲದೆ ಪಾರಾದವನಿಗೆ ಆ ದಾರಿಯೂ ಇಕ್ಕಟ್ಟು. ಮಾನಸಿಕ ಗಾಯದ ಮಟ್ಟಿಗೆ ಕಾಲವನ್ನು ರೋಗನಿರ್ಣಯದ ದಿನದಿಂದ ಎಣಿಸುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ.

ನ್ಯಾಯಮಂಡಳಿಯ ಮುಂದೆ ‘ಅಂಜಿಕೆಯಾಗಿದೆ’ ಎಂಬ ಮಾತು ನಿಲ್ಲುವುದಿಲ್ಲ. ದಿನಾಂಕ ಹೊತ್ತ ಓಪಿಡಿ ಚೀಟಿ ನಿಲ್ಲುತ್ತದೆ. ಎಲುಬಿನ ವೈದ್ಯರ ಮುಂದೆ ನಿದ್ದೆ ಬರುತ್ತಿಲ್ಲ, ವಾಹನ ಹತ್ತಲು ಆಗುತ್ತಿಲ್ಲ ಎಂದು ಹೇಳಿ ಅದನ್ನು ಕೇಸ್ ಶೀಟಿನಲ್ಲಿ ಬರೆಸುವುದು, ತಿಂಗಳು ಕಳೆದರೂ ತಗ್ಗದಿದ್ದರೆ ಮನೋವೈದ್ಯರನ್ನು ಕಾಣುವುದು, ಒಬ್ಬರ ಬಳಿಯೇ ಚಿಕಿತ್ಸೆ ಮುಂದುವರಿಸುವುದು ಮುಖ್ಯ. ಚಿಕಿತ್ಸೆ ಕೊಡದ ವೈದ್ಯರು ಬರೆದುಕೊಡುವ ಸಿದ್ಧ ಪ್ರಮಾಣಪತ್ರಗಳನ್ನು ನಂಬುವಾಗ ಎಚ್ಚರವಿರಲಿ ಎಂದು ಸುಪ್ರೀಂ ಕೋರ್ಟ್ 2010ರ ಅದೇ ತೀರ್ಪಿನಲ್ಲಿ ನ್ಯಾಯಮಂಡಳಿಗಳಿಗೆ ಹೇಳಿದೆ. ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ ಎಂಬ ಅದರ ಇನ್ನೊಂದು ಮಾತು ನಮ್ಮ ಕ್ರೂಸರ್ ಚಾಲಕನಿಗೆ ಹೇಳಿ ಮಾಡಿಸಿದಂತಿದೆ. ರಸ್ತೆಯ ಅಂಜಿಕೆ ಕಿರಾಣಿ ಅಂಗಡಿಯವನ ಗಳಿಕೆಯನ್ನು ಅಷ್ಟಾಗಿ ಕೆಡಿಸದಿರಬಹುದು, ಚಾಲಕನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಹಾಗಾಗಿ ಲೈಸೆನ್ಸ್, ಬಾಡಿಗೆಯ ಲೆಕ್ಕ, ಮಾಲೀಕನ ಸಾಕ್ಷ್ಯಗಳಿಗೂ ವೈದ್ಯರ ಚೀಟಿಯಷ್ಟೇ ತೂಕ.

ಇಲ್ಲಿ ಒಂದು ಸೂಕ್ಷ್ಮವಿದೆ. ತನ್ನದಲ್ಲದ ತಪ್ಪನ್ನೂ ತನ್ನ ಮೇಲೆ ಎಳೆದುಕೊಳ್ಳುವುದು ಪಿಟಿಎಸ್‌ಡಿಯ ಲಕ್ಷಣಗಳಲ್ಲೊಂದು. ಪಕ್ಕದಲ್ಲಿ ಕುಳಿತವರು ಸತ್ತು ತಾನು ಉಳಿದಾಗ ‘ಎಲ್ಲಾ ನನ್ನಿಂದನ ಆತು’ ಎಂದು ಚಾಲಕ ಸಿಕ್ಕವರಿಗೆಲ್ಲ ಹೇಳುತ್ತಾನೆ. ಆ ಮಾತು ಹೇಗೋ ಕಾಗದಕ್ಕೆ ಇಳಿದರೆ ವಿಮಾ ಕಂಪನಿಯ ವಕೀಲರು ಅದನ್ನು ನಿರ್ಲಕ್ಷ್ಯದ ಒಪ್ಪಿಗೆಯೆಂದು ಓದುವುದು ಸಹಜ. ದೀಪವಿಲ್ಲದೆ ನಿಂತ ಟ್ರೇಲರಿಗೆ ಹಿಂದಿನಿಂದ ಗುದ್ದಿದ ಪ್ರಕರಣಗಳಲ್ಲಿ ಚಾಲಕನದೂ ಪಾಲು ಇದೆ ಎಂಬ ವಾದ ಹೇಗೂ ಬಂದೇ ಬರುತ್ತದೆ. ಒಡೆದ ನೆನಪು ಹೇಳಿಕೆಯಿಂದ ಹೇಳಿಕೆಗೆ ಸ್ವಲ್ಪ ಬದಲಾಗುವುದೂ ಉಂಟು, ಅದನ್ನು ಸುಳ್ಳೆಂದು ತೋರಿಸುವುದು ಪಾಟೀಸವಾಲಿನಲ್ಲಿ ಕಷ್ಟವೇನಲ್ಲ.

ಚಿಕಿತ್ಸೆಯ ಸುದ್ದಿ ಮಾತ್ರ ಭರವಸೆಯದು. ಭಯದ ನೆನಪನ್ನೂ ತಪ್ಪಿಸಿಕೊಂಡ ರಸ್ತೆಯನ್ನೂ ಹಂತಹಂತವಾಗಿ, ತಜ್ಞರ ಜೊತೆಗೂಡಿ ಎದುರಿಸುವ ಮನೋಚಿಕಿತ್ಸೆ ಹೆಚ್ಚು ಪರಿಣಾಮಕಾರಿ. ಸರ್ಟ್ರಲಿನ್‌ನಂಥ ಮಾತ್ರೆಗಳೂ ನೆರವಾಗುತ್ತವೆ. ಬರಿಯ ನಿದ್ದೆ ಗುಳಿಗೆಯಿಂದ ಇದು ವಾಸಿಯಾಗುವುದಿಲ್ಲ. ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ರಸ್ತೆ ಅಪಘಾತವಾದ ಆರು ಗಂಟೆಯೊಳಗೆ ಗಾಯಾಳುಗಳಿಗೆ ಟೆಟ್ರಿಸ್ ಎಂಬ ವಿಡಿಯೊ ಆಟ ಆಡಿಸಿದಾಗ, ಮುಂದಿನ ವಾರದಲ್ಲಿ ತಾನಾಗಿ ನುಗ್ಗಿ ಬರುವ ನೆನಪುಗಳು ಕಡಿಮೆಯಾದದ್ದು 2017ರಲ್ಲಿ ವರದಿಯಾಯಿತು. 71 ಜನರ ಸಣ್ಣ ಪ್ರಯೋಗವದು, ಆಟವನ್ನೇ ಮದ್ದೆಂದು ಬಗೆಯಲು ಅಷ್ಟು ಸಾಲದು. ಪರಿಹಾರಕ್ಕಾಗಿ ಅಲೆದಾಟ ಹೆಚ್ಚು ಕಷ್ಟವೆನಿಸಿದವರಲ್ಲಿ ವರ್ಷಗಳ ನಂತರವೂ ಆತಂಕ, ಖಿನ್ನತೆ ಹೆಚ್ಚಿದ್ದುದನ್ನು 2014ರ ಆಸ್ಟ್ರೇಲಿಯಾದ ಅಧ್ಯಯನವೊಂದು ಕಂಡಿತು. ದುಡ್ಡಿನಾಸೆಗೆ ಕಾಯಿಲೆ ನಟಿಸುತ್ತಾರೆ ಎಂಬ ಹಳೆಯ ಅನುಮಾನದ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಬೇಕು.

ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸೆ ಆರಂಭಿಸಬಹುದು, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. ಹೆಚ್ಚಿನ ಆರೈಕೆಗೆ ಈ ಭಾಗದವರಿಗೆ ಹತ್ತಿರವಿರುವುದು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್. ನ್ಯಾಯಮಂಡಳಿ ಕೊಟ್ಟ ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು: ಬೆಳಗಾವಿ, ಬಾಗಲಕೋಟೆಯವರದು ಧಾರವಾಡ ಪೀಠಕ್ಕೆ, ವಿಜಯಪುರದವರದು ಕಲಬುರಗಿ ಪೀಠಕ್ಕೆ.