‘ಹೊಯ್ಸಳರ ಕಾಲದ್ದು’ ಅಂದರೆ ಯಾವ ಕಾಲದ್ದು?

ಹಾಸನ, ಬೇಲೂರು, ಚಿಕ್ಕಮಗಳೂರಿನ ಕಡೆ ಹೊಲದ ಬದುವಿನಲ್ಲಿ ಕಲ್ಲು ಎಡವಿ ಬಿದ್ದರೆ ಜೊತೆಯಲ್ಲಿದ್ದವರು ಮೊದಲು ಕಲ್ಲಿನ ಕಡೆ ನೋಡುತ್ತಾರೆ, ಆಮೇಲೆ ನಿಮ್ಮ ಕಾಲಿನ ಕಡೆ. ‘ಹೊಯ್ಸಳರ ಕಾಲದ್ದು ಇರಬೇಕು’ ಅನ್ನುತ್ತಾರೆ. ಕೆರೆಯ ತೂಬು, ಅರಳಿಕಟ್ಟೆ ಮೇಲಿನ ಮೂತಿ ಮುಕ್ಕಾದ ಬಸವ, ಬಟ್ಟೆ ಒಗೆಯುವ ಕಲ್ಲು, ಮಗುಚಿ ಬಿದ್ದ ವೀರಗಲ್ಲು, ಎಲ್ಲಕ್ಕೂ ಇದೇ ಮಾತು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಸಾವಿರ ಸಲ ನಾನೂ ಹೇಳಿದ್ದೇನೆ. ಆದರೆ ಇದರ ಅರ್ಥ ಏನು ಅಂತ ಯಾರಾದರೂ ಕೇಳಿದರೆ ಸ್ವಲ್ಪ ತಡವರಿಸಬೇಕಾಗುತ್ತದೆ.

ಮೊದಲು ಪದ ನೋಡೋಣ. ‘ಕಾಲ’ ಸಂಸ್ಕೃತದ್ದು, ಆದರೆ ಕನ್ನಡದಲ್ಲಿ ಮನೆ ಅಳಿಯನ ಹಾಗೆ ಹೊಂದಿಕೊಂಡುಬಿಟ್ಟಿದೆ. ಮಳೆಗಾಲ, ಚಳಿಗಾಲ, ಬರಗಾಲ, ಕೊನೆಗಾಲ. ‘ಕ’ ಹೋಗಿ ‘ಗ’ ಬರುವ ಇದನ್ನು ಶಾಲೆಯಲ್ಲಿ ಆದೇಶ ಸಂಧಿ ಅಂತ ಬಾಯಿಪಾಠ ಮಾಡಿದ್ದೇವೆ. ‘ಕಾಲದ್ದು’ ಅಂದರೆ ‘ಕಾಲದ’ ಮತ್ತು ‘ಅದು’ ಸೇರಿ ಆಗಿದ್ದು, ಆ ಕಾಲಕ್ಕೆ ಸೇರಿದ ವಸ್ತು ಅಂತ. ವ್ಯಾಕರಣ ಇಷ್ಟೇ.

ಆದರೆ ಮಳೆಗಾಲದಲ್ಲಿರುವ ಕಾಲವೂ ಹೊಯ್ಸಳರ ಕಾಲದಲ್ಲಿರುವ ಕಾಲವೂ ಒಂದೇ ಜಾತಿಯವು. ಮಳೆಗಾಲ ಇಂಥ ತಾರೀಖಿಗೇ ಶುರುವಾಗಬೇಕು ಅಂತ ಯಾವ ಕಾಫಿ ಬೆಳೆಗಾರನೂ ಹಟ ಹಿಡಿಯುವುದಿಲ್ಲ. ಗಾಳಿ ತಿರುಗಿತು, ಜೀರುಂಡೆ ಕೂಗಿತು, ಮಳೆಗಾಲ ಬಂತು. ‘ಶತಮಾನ’ ಅನ್ನುವ ಪದಕ್ಕೆ ಬೇಲಿ ಇದೆ, ನೂರು ವರ್ಷ ಅಂದರೆ ನೂರೇ. ‘ಕಾಲ’ಕ್ಕೆ ಬೇಲಿ ಇಲ್ಲ. ಅದಕ್ಕೆ ಇರುವುದು ಒಂದು ವಾತಾವರಣ.

ಅದಕ್ಕೇ ನಮ್ಮ ಮಾತಿನಲ್ಲಿ ಒಂದೊಂದು ಕಾಲಕ್ಕೂ ಒಂದೊಂದು ಗುಣ ಅಂಟಿಕೊಂಡಿದೆ. ‘ಬ್ರಿಟಿಷರ ಕಾಲದ ಸೇತುವೆ’ ಅಂದರೆ ಗಟ್ಟಿ, ಲಾರಿ ಹೋದರೂ ಅಲ್ಲಾಡುವುದಿಲ್ಲ ಅಂತ. ‘ಮಹಾರಾಜರ ಕಾಲ’ ಅಂದರೆ ಎಲ್ಲವೂ ಅಗ್ಗ, ಎಲ್ಲರಿಗೂ ಶಿಸ್ತು. ‘ಓಬೀರಾಯನ ಕಾಲದ್ದು’ ಅಂದರೆ ಗುಜರಿಗೆ ಹಾಕು ಅಂತ. ‘ಹೊಯ್ಸಳರ ಕಾಲದ್ದು’ ಅಂದರೆ ಕುಸುರಿ, ಕೈಕೆಲಸ, ಮತ್ತೆ ಅಂಥದ್ದು ಹುಟ್ಟುವುದಿಲ್ಲ. ಮನೆಯ ಬೀರು ಓಬೀರಾಯನ ಕಾಲದ್ದು, ಗುಡಿಯ ಕಂಬ ಹೊಯ್ಸಳರ ಕಾಲದ್ದು. ಎರಡೂ ಹಳೆಯವೇ. ಒಂದನ್ನು ನೋಡಿ ನಗುತ್ತೇವೆ, ಇನ್ನೊಂದಕ್ಕೆ ಚಪ್ಪಲಿ ಬಿಡುತ್ತೇವೆ.

ಇತಿಹಾಸದ ಲೆಕ್ಕದಲ್ಲಿ ಈ ಕಾಲ ಮುನ್ನೂರು ವರ್ಷಕ್ಕಿಂತ ಉದ್ದ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದಿನ ಸೊಸೆವೂರು, ಇವರ ಮೂಲ ಊರು. ಮಲೆನಾಡಿನ ಸಣ್ಣ ಪಾಳೆಯಗಾರರಂತೆ ಇದ್ದವರು ಬೇಲೂರಿಗೆ ಇಳಿದು, ಆಮೇಲೆ ದೋರಸಮುದ್ರಕ್ಕೆ ಬಂದರು. ಸಳ ಹುಲಿ ಹೊಡೆದ ಕತೆ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಆದರೆ ಆ ಹೆಸರಿನಲ್ಲೇ ಒಂದು ತಮಾಷೆ ಇದೆ. ಹಳೆಯ ಶಾಸನಗಳಲ್ಲಿ ಇರುವುದು ‘ಪೊಯ್ಸಳ’. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ ಪೊಯ್ಸಳ ಹೊಯ್ಸಳ ಆಯಿತು. ಸಳನ ಎದುರಿಗೆ ನಿಂತಿದ್ದ ಹುಲಿಯೂ ಆಗ ‘ಪುಲಿ’ಯೇ. ಕೊನೆಗೆ 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದಂಡೆತ್ತಿ ಬಂದ. ಮೂರನೇ ಬಲ್ಲಾಳ ಇನ್ನೂ ಮೂರು ದಶಕ ಹೋರಾಡಿ 1343ರ ಸುಮಾರಿಗೆ ಮಧುರೆ ಕಡೆ ಸತ್ತ. ದೋರಸಮುದ್ರಕ್ಕೆ ಆಮೇಲೆ ಉಳಿದ ಹೆಸರು ಹಳೇಬೀಡು, ಹಳೆಯ ರಾಜಧಾನಿ ಅಂತ. ಊರಿಗೆ ಊರೇ ‘ಆ ಕಾಲದ್ದು’ ಅನ್ನುವ ಹೆಸರಿಟ್ಟುಕೊಂಡು ಕೂತಿದೆ.

ಜನ ಹೇಳುವಾಗ ಇಷ್ಟೂ ವರ್ಷ ಅವರ ಮನಸ್ಸಿನಲ್ಲಿ ಇರುವುದಿಲ್ಲ. ಇರುವುದು ವಿಷ್ಣುವರ್ಧನ, ಶಾಂತಲೆ, ಬೇಲೂರು, ಅಷ್ಟೇ. ಉಳಿದದ್ದನ್ನೆಲ್ಲ ಅದೇ ಚೀಲಕ್ಕೆ ತುಂಬುತ್ತಾರೆ. ಶ್ರವಣಬೆಳಗೊಳದ 57 ಅಡಿ ಗೊಮ್ಮಟನನ್ನು ಚಾವುಂಡರಾಯ ಮಾಡಿಸಿದ್ದು ಗಂಗರ ಆಳ್ವಿಕೆಯಲ್ಲಿ, 10ನೆಯ ಶತಮಾನದ ಕೊನೆಗೆ. ಅದೂ ಹೊಯ್ಸಳರದ್ದೇ ಅನ್ನುವವರನ್ನು ನೋಡಿದ್ದೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದು, ಕದಂಬರದ್ದು. ಚೆನ್ನಕೇಶವನ ಗುಡಿ ಏಳುವ ಹೊತ್ತಿಗೆ ಅದಕ್ಕೇ ಆರೂವರೆ ಶತಮಾನ ವಯಸ್ಸಾಗಿತ್ತು. ಅಂದರೆ ಹೊಯ್ಸಳರ ಕಾಲದವರ ಪಾಲಿಗೂ ಅದು ಓಬೀರಾಯನ ಕಾಲದ್ದು! ಸಕಲೇಶಪುರದ ಮಂಜರಾಬಾದ್ ಕೋಟೆ ಒಂದನ್ನು ಮಾತ್ರ ಯಾರೂ ಹೊಯ್ಸಳರ ಲೆಕ್ಕಕ್ಕೆ ಬರೆಯುವುದಿಲ್ಲ. ಎಂಟು ಮೂಲೆಯ ನಕ್ಷತ್ರದ ಹಾಗಿರುವ ಅದನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು ಅಂತ ಆಟೋದವರಿಗೂ ಗೊತ್ತು.

ಇನ್ನು ಬೇಲೂರಿನ ಗುಡಿಯನ್ನೇ ತೆಗೆದುಕೊಳ್ಳಿ. ‘ಅಪ್ಪಟ ಹೊಯ್ಸಳರ ಕಾಲದ್ದು’ ಅಂತ ಬೆರಳು ತೋರಿಸಬಹುದಾದ ಜಾಗ ಇದ್ದರೆ ಅದು ಇದೇ, ಅಲ್ವಾ? ವಿಷ್ಣುವರ್ಧನ ತಲಕಾಡು ಗೆದ್ದ ಮೇಲೆ 1117ರಲ್ಲಿ ದೇವರ ಪ್ರತಿಷ್ಠೆ ಆಯಿತು. ಆದರೆ ನೀವು ಬಸ್ ಇಳಿದು ತಲೆಯೆತ್ತಿ ನೋಡುವ ಆ ಎತ್ತರದ ಗೋಪುರ ಅವನು ಕಂಡದ್ದಲ್ಲ. ಅದನ್ನು 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಕಟ್ಟಿಸಿದ್ದು. ಒಳಗೆ ಹೋದರೆ ಗುಡಿಯ ಸುತ್ತ ತೂತು ತೂತಿನ ಕಲ್ಲಿನ ಜಾಲಂಧ್ರಗಳಿವೆಯಲ್ಲ, ಅವು ವಿಷ್ಣುವರ್ಧನನ ಮೊಮ್ಮಗ ಎರಡನೇ ಬಲ್ಲಾಳನ ಕಾಲದಲ್ಲಿ ಸೇರಿದವು. ಮೊದಲು ಆ ಜಾಗ ಬಯಲು, ಬೆಳಕು ಧಾರಾಳವಾಗಿ ಒಳಗೆ ಬರುತ್ತಿತ್ತು. ಗರ್ಭಗುಡಿಯ ಮೇಲೆ ಶಿಖರ ಇತ್ತು. ಭಾರಕ್ಕೆ ಗುಡಿಯೇ ಕುಸಿದೀತು ಅಂತ 19ನೆಯ ಶತಮಾನದಲ್ಲಿ ಅದನ್ನು ಬಿಚ್ಚಿದರು. ಹಾಗಾಗಿ ಇವತ್ತು ನಾವು ನೋಡುವ ಚಪ್ಪಟೆ ತಲೆಯ ಗುಡಿಯನ್ನು ಹೊಯ್ಸಳರಲ್ಲಿ ಯಾರೂ ನೋಡಿರಲಿಲ್ಲ. ಶಾಂತಲೆ ಎದ್ದು ಬಂದರೆ ‘ಇದು ಯಾರ ಗುಡಿ’ ಅಂತ ಕೇಳಬಹುದು.

ಇಷ್ಟೆಲ್ಲ ಗೊತ್ತಾದ ಮೇಲೂ ಆ ಕಾಲದ ಹುಚ್ಚು ಬಿಡುವುದಿಲ್ಲ. ಯಾಕೆ? ರಾಜರು, ಯುದ್ಧ, ವೈಭವ ಅನ್ನುವ ಉತ್ತರ ನನಗೆ ಸಾಲದು. ಅವೆಲ್ಲ ರಾಷ್ಟ್ರಕೂಟರಿಗೂ ಇದ್ದವು, ಅದೂ ಇನ್ನೂ ದೊಡ್ಡ ಪ್ರಮಾಣದಲ್ಲಿ. ಆದರೂ ನಮ್ಮೂರಲ್ಲಿ ರಾಷ್ಟ್ರಕೂಟರ ಕನಸು ಕಾಣುವವರು ಯಾರೂ ಸಿಕ್ಕಿಲ್ಲ. ನನಗೆ ಅನ್ನಿಸುವುದು, ಕಾರಣ ಕಲ್ಲಿನಲ್ಲಿದೆ. ಇವರು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಮರ ಕೆತ್ತುವ ಹಾಗೆ, ಚಿನ್ನದ ಕೆಲಸ ಮಾಡುವ ಹಾಗೆ ಕೆತ್ತಬಹುದು. ಬೇರೆ ಕಡೆಯ ಗ್ರಾನೈಟಿನಲ್ಲಿ ದೇವರ ಮುಖ ಸಿಗುತ್ತದೆ. ಇಲ್ಲಿ ದೇವರ ಕಿವಿಯ ಓಲೆಯ ಹಿಂದಿನ ತಿರುಪೂ ಸಿಗುತ್ತದೋ ಏನೋ ಅನ್ನಿಸುತ್ತದೆ.

ಬೇಲೂರಿನಲ್ಲಿ ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರ ನೋಡಿ. ಅಲ್ಲೊಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ನೊಣ. ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಕತ್ತು ನೋಯುವ ತನಕ ತಲೆ ಎತ್ತಿದರೆ ಮಾತ್ರ ಕಾಣುತ್ತದೆ. ಪುರಾಣದ ಪ್ರಕಾರ ಅಲ್ಲಿ ಇವು ಮೂರೂ ಬೇಕಿರಲಿಲ್ಲ. ಶಿಲ್ಪಿ ತನ್ನ ಹಿತ್ತಲಲ್ಲಿ ನೋಡಿದ್ದನ್ನು ಸುಮ್ನೆ ಕೂರಿಸಿದ್ದಾನೆ. ಸುಮಾರು ಒಂಬೈನೂರು ವರ್ಷದ ಮೇಲೆ, ಹಿತ್ತಲಲ್ಲಿ ಹಲಸಿನ ಮರ ಇರುವ ನಾವು ಅದನ್ನು ನೋಡಿ ‘ಅರೆ’ ಅನ್ನುತ್ತೇವೆ. ಆ ಕಾಲದ ಮೇಲಿನ ಪ್ರೀತಿ ನನಗಂತೂ ಹುಟ್ಟಿದ್ದು ಅಲ್ಲೇ.

ಮಾಡಿದವರ ಹೆಸರು ಉಳಿದಿರುವುದೂ ಇನ್ನೊಂದು ಸೆಳೆತ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ತಮ್ಮ ಕೆಲಸದ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಜನರ ಬಾಯಲ್ಲಿ ಮಾತ್ರ ಎಲ್ಲವೂ ಜಕಣಾಚಾರಿ ಮಾಡಿದ್ದು. ಕಪ್ಪೆ ಚೆನ್ನಿಗರಾಯನ ಹೊಟ್ಟೆಯಲ್ಲಿ ಕಪ್ಪೆ ಸಿಕ್ಕಿ, ಮಗನೆದುರು ಸೋತು ಕೈ ಕತ್ತರಿಸಿಕೊಂಡ ಆ ಕತೆ ಬಲು ಚೆನ್ನಾಗಿದೆ. ಹಾಗಂತ ಸಹಿ ಹಾಕಿ ಹೋದವರನ್ನು ಬಿಟ್ಟು ಕತೆಯವನಿಗೇ ಹಾರ ಹಾಕುವುದು ದಾಸೋಜನಿಗೆ ಮಾಡುವ ಅನ್ಯಾಯ ಅಂತ ನನಗೆ ಒಳಗೊಳಗೇ ಸಿಟ್ಟು.

‘ಆ ಕಾಲದಲ್ಲಿ ಹುಟ್ಟಬೇಕಿತ್ತು ಕಣ್ರಿ’ ಅನ್ನುವವರನ್ನು ನಾನು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಒಂದು ಕಂಬದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅದು ಕುವರ ಲಕ್ಷ್ಮನ ಗರುಡಗಂಬ. ಲಕ್ಷ್ಮ ಎರಡನೇ ಬಲ್ಲಾಳನ ದಂಡನಾಯಕ, ದೊರೆ ಸತ್ತರೆ ನಾನೂ ಸಾಯುತ್ತೇನೆ ಅಂತ ಮಾತು ಕೊಟ್ಟವನು. 1220ರಲ್ಲಿ ಬಲ್ಲಾಳ ತೀರಿಕೊಂಡ. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಕಡೆಯ ಗರುಡರು, ಅಂದರೆ ದೊರೆಯ ಜೊತೆಗೇ ಸಾಯುವ ಮಾತು ಕೊಟ್ಟ ಅಂಗರಕ್ಷಕರು, ಪ್ರಾಣ ಕೊಟ್ಟರು. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರ ಸಣ್ಣ ಸಣ್ಣ ಬೊಂಬೆಗಳಿವೆ. ಅವೂ ಅಷ್ಟೇ ಕುಸುರಿಯಿಂದ ಕೆತ್ತಿದವು. ಪ್ರವಾಸಿಗಳು ಹೆಚ್ಚಿನವರು ಆ ಕಂಬ ದಾಟಿ ನಂದಿಯ ಕಡೆ ಹೋಗುತ್ತಾರೆ. ನಿಂತು ನೋಡಿದವರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಹಾಗಾದರೆ ಒಂದು ವಸ್ತು ನಿಜವಾಗಿ ಆ ಕಾಲದ್ದೇ ಅಂತ ಹೇಗೆ ಹೇಳುವುದು? ಸುಲಭದ ದಾರಿ ಶಾಸನ. ಅದರಲ್ಲಿ ಶಕ ವರ್ಷ ಇರುತ್ತದೆ, 78 ಕೂಡಿಸಿದರೆ ನಮ್ಮ ಕ್ಯಾಲೆಂಡರಿನ ವರ್ಷ. ಬೇಲೂರಿನದು ಶಕ 1039, ಕೂಡಿಸಿದರೆ 1117. ಜೊತೆಗೆ ಸಂವತ್ಸರದ ಹೆಸರು, ಹೇವಿಳಂಬಿ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2017ರ ಯುಗಾದಿಗೆ ಬೇವು ಬೆಲ್ಲ ತಿಂದಾಗ ಪಂಚಾಂಗದವರು ಓದಿದ್ದು ಇದೇ ಹೇವಿಳಂಬಿಯನ್ನು. ಸರಿಯಾಗಿ ಹದಿನೈದು ಸುತ್ತು, 900 ವರ್ಷ. ಒಂದು ವರ್ಷದ ಹೆಸರು ಅಷ್ಟು ದೂರದಿಂದ ಮನೆಯ ಪಂಚಾಂಗದ ತನಕ ನಡೆದು ಬಂದಿದೆ. ಆವತ್ತು ಇದು ಹೊಳೆದಿರಲಿಲ್ಲ, ಹೊಳೆದಿದ್ದರೆ ಬೇಲೂರಿಗೆ ಹೋಗಿ ಬರುತ್ತಿದ್ದೆ.

ಶಾಸನ ಇಲ್ಲದಿದ್ದರೆ ಕಷ್ಟ. ಚಿಕ್ಕಮಗಳೂರಿನ ಹತ್ತಿರ ನನ್ನ ಸೋದರಮಾವನ ಮನೆಯಲ್ಲಿ ಕೊಟ್ಟಿಗೆಗೆ ಹತ್ತುವ ಒಂದು ಮೆಟ್ಟಿಲುಕಲ್ಲು ಇದೆ. ಅಂಚಿನಲ್ಲಿ ಬಳ್ಳಿಯ ಹಾಗೆ ಏನೋ ಗೀರು. ಮಾವ ನೆಂಟರಿಗೆಲ್ಲ ತೋರಿಸುತ್ತಿದ್ದರು, ‘ಹೊಯ್ಸಳರ ಕಾಲದ್ದು.’ ಒಂದು ಬೇಸಿಗೆ ರಜದಲ್ಲಿ ನಾನು ತೆಂಗಿನ ನಾರು ಹಿಡಿದು ಪಾಚಿ ತಿಕ್ಕಿದೆ. ಬದಿಯಲ್ಲಿ ಅಕ್ಷರದ ಗುರುತು ಕಂಡಿತು. ಎದೆ ಢವಢವ. ಒಳಗಿನಿಂದ ರಾಗಿ ಹಿಟ್ಟು ತಂದು ಸವರಿ, ಒರೆಸಿ, ಬಗ್ಗಿ ಓದಿದೆ. ನಾಲ್ಕು ಅಂಕಿ ಬಿಳಿಯಾಗಿ ಎದ್ದು ನಿಂತಿದ್ದವು: ೧೯೩೬. ತಾತ ಮನೆ ಕಟ್ಟಿಸಿದ ವರ್ಷ.

ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ‘ಬರೆಸಿದ್ದು ನಮ್ಮಪ್ಪ ಕಣೋ. ಕಲ್ಲು ಹೊಯ್ಸಳರ ಕಾಲದ್ದೇ’ ಅಂದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ‘ಯಾರ ಕಾಲದ್ದಾದರೂ ಆಗಲಿ, ಮೊದಲು ಆ ಹಿಟ್ಟು ತೊಳೀರಿ. ಇರುವೆ ಮುತ್ಕೊಳ್ತವೆ.’