ಆಗುಂಬೆ ತಿರುವಿನಲ್ಲಿ ನಾಲ್ಕು ಅಂಗೈಯಷ್ಟು ರಬ್ಬರು

ನಮ್ಮ ಮಾರುತಿ ಝೆನ್‌ಗೆ ಇಪ್ಪತ್ತು ವರ್ಷ ದಾಟಿದೆ. ಊರೊಳಗೆ ಓಡಾಡುವಾಗ ಅದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಒಂದು ಜುಲೈನಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಬಣ್ಣ ಬಯಲಾಯಿತು. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸ್ಟೇರಿಂಗ್ ತಿರುಗಿಸಿದರೆ ಕಾರು ಅರೆಗಳಿಗೆ ಸುಮ್ಮನಿದ್ದು, ಆಮೇಲೆ ತಿರುಗುತ್ತಿತ್ತು. ಒಂದು ಎಡತಿರುವಿನಲ್ಲಂತೂ ಮೂತಿ ಜಾರಿ, ಎದುರಿಂದ ಹತ್ತಿ ಬರುತ್ತಿದ್ದ ಬಸ್ಸಿನ ಕಡೆಗೇ ಹೋಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಬಸ್ ಡ್ರೈವರ್ ಬೈದರು, ಅಷ್ಟೇ.

ಊರಿಗೆ ಬಂದು ಹೇಳಿಕೊಂಡರೆ ಸಲಹೆಗಳ ಸುರಿಮಳೆ. ಸ್ಪ್ರಿಂಗ್ ಕಟ್ ಮಾಡಿಸಿ ಕಾರು ತಗ್ಗಿಸು ಅಂದ ಒಬ್ಬ. ಅಲಾಯ್ ಚಕ್ರ, ಅಗಲ ಟೈರು ಹಾಕಿಸು ಅಂದ ಇನ್ನೊಬ್ಬ. ಕಾರು ವಾಲದಂತೆ ಮಾಡಿದರೆ ಸಾಕು ಅನ್ನುವುದು ಎಲ್ಲರ ಲೆಕ್ಕ. ಆ ಲೆಕ್ಕದಲ್ಲೇ ಎಡವಟ್ಟಿದೆ.

ಇಬ್ಬರು ಕೂತ ಝೆನ್ ಸುಮಾರು 900 ಕಿಲೋ ತೂಗುತ್ತದೆ ಅಂದುಕೊಳ್ಳಿ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದರೆ, ಕಾರನ್ನು ಒಳಗಡೆಗೆ ಎಳೆದು ಹಿಡಿಯಲು ಸುಮಾರು 320 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ವೇಗ 40ಕ್ಕೆ ಏರಿದರೆ? 570 ಕಿಲೋ ಹತ್ತಿರ ಬೇಕು. ಏರಿದ್ದು ಬರೀ ಹತ್ತು ಕಿಲೋಮೀಟರ್, ಬಲ ಮಾತ್ರ ಮುಕ್ಕಾಲು ಪಾಲಿಗಿಂತ ಜಾಸ್ತಿ. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುವುದರಿಂದ ಹೀಗೆ.

ಈ ಬಲ ಕೊಡುವವರು ಯಾರು? ಸ್ಪ್ರಿಂಗ್ ಅಲ್ಲ, ಎಂಜಿನ್ ಅಲ್ಲ. ರಸ್ತೆಗೆ ತಾಗಿರುವ ನಾಲ್ಕು ಅಂಗೈಯಷ್ಟು ರಬ್ಬರು ಮಾತ್ರ. ಒಣ ರಸ್ತೆಯಲ್ಲಿ ಒಳ್ಳೆಯ ಟೈರು ತನ್ನ ಮೇಲಿನ ಭಾರದ ಶೇ. 80ರಷ್ಟು ಹಿಡಿತ ಕೊಡಬಲ್ಲದು. ಒದ್ದೆ ರಸ್ತೆ, ಹಳೇ ಟೈರು ಅಂದರೆ ಅದು ಶೇ. 50ಕ್ಕೆ ಇಳಿಯುವುದು ದೊಡ್ಡ ಮಾತಲ್ಲ. ಆಗ ನಮ್ಮ ಕೈಯಲ್ಲಿ ಇರುವುದು 450 ಕಿಲೋ. 40ರ ವೇಗಕ್ಕೆ ಬೇಕಾಗಿರುವುದು 570. ಮೂತಿ ಬಸ್ಸಿನ ಕಡೆಗೆ ಯಾಕೆ ಹೋಯಿತು ಅಂತ ಈಗ ಹೇಳಬೇಕಿಲ್ಲ ಅಲ್ವಾ?

ಹಾಗಾಗಿ ನಾನು ಮೊದಲು ನೋಡಿದ್ದು ಟೈರಿನ ಪಕ್ಕೆಯನ್ನು. ಅಲ್ಲಿ ಅಚ್ಚೊತ್ತಿದ ಅಂಕಿಗಳ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3119 ಅಂತಿದ್ದರೆ, 2019ರ 31ನೇ ವಾರ ತಯಾರಾದ ಟೈರು. ನನ್ನವು ಒಂಬತ್ತು ವರ್ಷ ಹಳೆಯವು. ಟೈರಿನ ಮೇಲಿನ ಗೀರುಗಳು ಇನ್ನೂ ಚೆನ್ನಾಗಿಯೇ ಇದ್ದವು, ಕಮ್ಮಿ ಓಡಿದ ಕಾರು ನೋಡಿ. ಆದರೆ ಗಾಳಿಯ ಆಮ್ಲಜನಕ, ಬಿಸಿಲು, ಬಿಸಿ ಎಲ್ಲ ಸೇರಿ ರಬ್ಬರನ್ನು ಗಟ್ಟಿ ಮಾಡಿರುತ್ತವೆ. ಉಗುರು ಒತ್ತಿದರೆ ಪ್ಲಾಸ್ಟಿಕ್ ಒತ್ತಿದ ಹಾಗೆ. ರಬ್ಬರು ರಸ್ತೆಯನ್ನು ಹಿಡಿಯುವುದೇ ಜಲ್ಲಿಯ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಇಳಿಯುವುದರಿಂದ. ಮೆದುವಿಲ್ಲದ ರಬ್ಬರು ಮೇಲೆ ಮೇಲೆ ಜಾರಿಕೊಂಡು ಹೋಗುತ್ತದೆ.

ಅಗಲ ಟೈರು ಹಾಕಿಸಬೇಕೇ? ಝೆನ್‌ಗೆ ಕಂಪನಿ ಕೊಟ್ಟಿದ್ದು 145/70 ಆರ್13, ಅಂದರೆ 145 ಮಿಲಿಮೀಟರ್ ಅಗಲದ ಟೈರು. ನಾನು ಹಳೇ ಅಳತೆಯ ಹೊಸ ಟೈರನ್ನೇ ತಂದೆ. ಜಿಪುಣತನ ಅನ್ನಿ ಬೇಕಾದರೆ. ಹೊಸ ಸಪೂರ ಟೈರು ಹಳೇ ಅಗಲ ಟೈರಿಗಿಂತ ಮಳೆಯಲ್ಲಿ ಎಷ್ಟೋ ಪಾಲು ಮೇಲು.

ಇನ್ನು ವಾಲುವ ವಿಷಯ. ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳ ಮೇಲೆ ಹೋಗುತ್ತದೆ. ಇಲ್ಲೊಂದು ಕಿರಿಕಿರಿ ಇದೆ. ಟೈರಿನ ಮೇಲಿನ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಮ್ಮಿ ಏರುತ್ತದೆ. ಹಾಗಾಗಿ ಭಾರ ಒಂದೇ ಕಡೆ ಸೇರಿದಷ್ಟೂ ಒಟ್ಟು ಹಿಡಿತ ಸೋರಿಹೋಗುತ್ತದೆ. ಈ ವರ್ಗಾವಣೆ ಕಾರು ವಾಲುವುದರಿಂದ ಆಗುತ್ತದೆ ಅಂತ ನಮಗೆ ಅನಿಸುತ್ತದೆ. ಆದರೆ ಗೋ-ಕಾರ್ಟ್ ಅನ್ನುವ ಪುಟ್ಟ ರೇಸ್ ಗಾಡಿ ನೋಡಿ. ಅದಕ್ಕೆ ಸ್ಪ್ರಿಂಗೇ ಇಲ್ಲ, ವಾಲುವ ಮಾತೇ ಇಲ್ಲ. ಆದರೂ ಭಾರ ಹೊರಗಡೆಗೆ ಹೋಗಿಯೇ ಹೋಗುತ್ತದೆ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು: ತಿರುವಿನ ಬಲ, ಕಾರಿನ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು, ಎಡಬಲ ಚಕ್ರಗಳ ನಡುವಿನ ದೂರ.

ಭಾರಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದೆ ಅಂತಿಟ್ಟುಕೊಂಡು ಕಾರನ್ನು ಒಂದು ಇಂಚು ತಗ್ಗಿಸಿದರೆ ಹೊರಗಡೆಗೆ ಹೋಗುವ ಭಾರ ಕಮ್ಮಿಯಾಗುವುದು ಶೇ. 5 ಅಷ್ಟೇ. ಅದಕ್ಕೆ ತೆರುವ ಬೆಲೆ ಜಾಸ್ತಿ. ಸ್ಪ್ರಿಂಗಿನ ಸುತ್ತು ಕತ್ತರಿಸಿದರೆ ಉಳಿದದ್ದು ಗಿಡ್ಡವಷ್ಟೇ ಅಲ್ಲ, ಬಿಗಿಯೂ ಆಗುತ್ತದೆ. ಗುಂಡಿಯಲ್ಲಿ ಚಕ್ರ ಕೆಳಗೆ ಜೋತಾಗ ಆ ಸ್ಪ್ರಿಂಗು ಕೂತ ಜಾಗದಲ್ಲೇ ಸಡಿಲವಾಗಬಹುದು. ಝೆನ್ ಮುಂದೆ ಇರುವಂಥ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ, ಕಾರು ತೀರಾ ತಗ್ಗಿದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ತೋಳಿನ (ಲೋಯರ್ ಆರ್ಮ್) ಚಕ್ರದ ಕಡೆಯ ತುದಿ ಮೇಲಕ್ಕೆ ಏಳುತ್ತದೆ. ಆಗ ಕಾರು ವಾಲುವಾಗ ಹೊರಗಿನ ಚಕ್ರದ ನೆತ್ತಿ ಇನ್ನಷ್ಟು ಹೊರಗಡೆಗೆ ಬಾಗಿ, ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ಹೆಚ್ಚಿಸಲು ಹೋಗಿ ಕಳೆದುಕೊಂಡ ಹಾಗೆ. ನಮ್ಮ ಊರುಗಳ ರೋಡ್ ಹಂಪುಗಳ ಮಾತು ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಇಂಥ ಬದಲಾವಣೆಗಳ ಮೇಲೆ ಕಣ್ಣಿಟ್ಟಿದೆ.

ಭಾರಕೇಂದ್ರ ಇಳಿಸುವ ಆಸೆ ಇದ್ದರೆ ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಪುಕ್ಕಟೆ.

ಮತ್ತೆ ಆ ಅರೆಗಳಿಗೆಯ ತಡ? ಅದರ ಕಳ್ಳ ಸಿಕ್ಕಿದ್ದು ಶೆಡ್ಡಿನಲ್ಲಿ. ಮೇಸ್ತ್ರಿ ಜಾಕ್ ಹಾಕಿ ಕಾರೆತ್ತಿದರು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು. ಬಾಲ್ ಜಾಯಿಂಟ್, ಬೇರಿಂಗ್ ಗಟ್ಟಿ ಇವೆ ಅಂದರು. ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದಾಗ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ತುದಿ ಟಕ್ ಟಕ್ ಅಂತು. ಲೋಯರ್ ಆರ್ಮಿನ ಬುಶ್ಶಿಗೆ, ಅಂದರೆ ತೋಳಿನ ಬುಡದ ರಬ್ಬರಿಗೆ, ಗಡಾರಿ ಕೊಟ್ಟು ಮೀಟಿದರೆ ಅದು ಹಳೇ ಚಪ್ಪಲಿಯ ಹಾಗೆ ಬಾಯಿ ಬಿಟ್ಟಿತು. ಸ್ಟೇರಿಂಗ್ ತಿರುಗಿಸಿದಾಗ ಮೊದಲು ಈ ಸಡಿಲ ತುಂಬಬೇಕು, ಆ ಸೀಳಿದ ರಬ್ಬರು ಹಿಚುಕಬೇಕು, ಆಮೇಲೆ ಚಕ್ರದ ಸರದಿ. ತಿರುವಿನ ನಡುವೆ ಬಲ ಬಿದ್ದಾಗ ಚಕ್ರ ತನ್ನ ಪಾಡಿಗೆ ತಾನು ದಿಕ್ಕು ಬದಲಿಸುವುದೂ ಇದರಿಂದಲೇ. ಬುಶ್ಶು, ಟೈ ರಾಡ್ ತುದಿಗಳು ಎಲ್ಲ ಸೇರಿ ಎರಡು ಟೈರಿನ ಬೆಲೆಗಿಂತ ಕಮ್ಮಿ ಆಯಿತು.

ಮೇಸ್ತ್ರಿ ಒಂದು ಒಳ್ಳೆ ಕೆಲಸ ಮಾಡಿದರು. ಬುಶ್ಶಿನ ಬೋಲ್ಟನ್ನು ಕಾರು ಗಾಳಿಯಲ್ಲಿರುವಾಗ ಪೂರ್ತಿ ಬಿಗಿಸಲಿಲ್ಲ. ನೆಲಕ್ಕಿಳಿಸಿ, ಕಾರು ತನ್ನ ತೂಕಕ್ಕೆ ಕೂತ ಮೇಲೆ ಬಿಗಿಸಿದರು. ತೋಳು ಜೋತುಬಿದ್ದಾಗ ಬಿಗಿಸಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಸದಾ ಹಾಗೇ ಇರುತ್ತದೆ. ಬೇಗ ಹರಿಯುತ್ತದೆ. ಎಷ್ಟೋ ಕಡೆ ಈ ಎರಡು ನಿಮಿಷದ ತಾಳ್ಮೆ ಇರುವುದಿಲ್ಲ.

ಶಾಕ್ ಅಬ್ಸಾರ್ಬರ್ ಪರೀಕ್ಷೆಗೆ ಎಲ್ಲರೂ ಬಾನೆಟ್ ಮೇಲೆ ಕೈ ಊರಿ ಒತ್ತಿ ಬಿಡುತ್ತಾರೆ. ನನ್ನ ಕಾರು ಒಂದೇ ಸಲ ಎದ್ದು ನಿಂತಿತು, ಪಾಸ್. ಆದರೆ ಕೈಯಿಂದ ಒತ್ತಿದಾಗ ಕುಣಿಯುವುದು ಕಾರಿನ ಮೈ, ಸೆಕೆಂಡಿಗೆ ಒಂದೋ ಒಂದೂವರೆಯೋ ಸಲ. ಹಾಳಾದ ರಸ್ತೆಯಲ್ಲಿ ಚಕ್ರ ಸೆಕೆಂಡಿಗೆ ಹತ್ತು ಸಲಕ್ಕೂ ಜಾಸ್ತಿ ಕುಣಿಯುತ್ತದೆ. ಆ ಕುಣಿತ ತಡೆಯದಿದ್ದರೆ ಚಕ್ರ ನೆಲ ಬಿಟ್ಟು ಹಾರುತ್ತಿರುತ್ತದೆ, ಹಾರುವ ಚಕ್ರಕ್ಕೆ ಹಿಡಿತ ಸೊನ್ನೆ. ಹಿಂದಿನ ಎರಡರಿಂದ ಎಣ್ಣೆ ಒಸರಿತ್ತು. ಬದಲಾಯಿಸಿದೆ, ಜೋಡಿಯಾಗಿಯೇ.

ಕೊನೆಗೆ ಚಕ್ರಗಳ ದಿಕ್ಕು ಸರಿಮಾಡುವ ಅಲೈನ್‌ಮೆಂಟ್, ಮತ್ತು ಕಾರು ತಣ್ಣಗಿರುವಾಗ ಕಂಪನಿ ಹೇಳಿದಷ್ಟು ಗಾಳಿ. ಡಿಕ್ಕಿಯಲ್ಲಿದ್ದ ಹಳೇ ಬ್ಯಾಟರಿ, ಅರ್ಧ ಮೂಟೆ ಗೊಬ್ಬರ ಕೆಳಗಿಳಿದವು. ಅದು ಯಾವಾಗ ಅಲ್ಲಿಗೆ ಹೋಯಿತೋ ದೇವರೇ ಬಲ್ಲ.

ಮುಂದಿನ ಮಳೆಗಾಲ ಅದೇ ಘಾಟಿ ಇಳಿದೆವು, ಈ ಸಲ ತಿರುವುಗಳಲ್ಲಿ 30 ದಾಟಿಸಲಿಲ್ಲ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗಿತು. ಕಾರು ವಾಲುವುದು ಮೊದಲಿನಷ್ಟೇ. ಅಮ್ಮ ಈಗಲೂ ಪ್ರತಿ ತಿರುವಿನಲ್ಲಿ ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.